ರಾತ್ರಿ 12:50ರ ಹತ್ತು

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ನಾನು ಆಪ್ತಸಲಹೆ ಮಾಡುವುದು ಕ್ಯಾಲಿಫೋರ್ನಿಯಾದಲ್ಲಿ. ಬರುವವರಲ್ಲಿ ಕನ್ನಡದವರೂ ಇದ್ದಾರೆ. ಅವರಲ್ಲಿ ದುಡ್ಡಿಟ್ಟು ಇಸ್ಪೀಟ್ ಆಡುವ ಒಬ್ಬರ ಕಥೆ ಇದು. ಇವರಿಗೆ ನಲವತ್ತರ ಆಸುಪಾಸು, ಸಾಫ್ಟ್‌ವೇರ್ ಕೆಲಸ, ಇಬ್ಬರು ಮಕ್ಕಳು. ಬಂದ ದಿನವೇ ಹೇಳಿದರು: "ಮೇಡಂ, ಪ್ಯಾಟ್ ಕೂರಬೇಕಾ, ಎಲೆ ಎತ್ತಬೇಕಾ, ಅಲ್ಲೇ ನಾನು ಎಡವೋದು. ಅದೊಂದು ಸರಿಹೋದ್ರೆ ಸಾಕು."

ನನಗೆ ಗೊತ್ತಿದ್ದದ್ದು ರಮ್ಮಿ ಮಾತ್ರ. ಹಳದಿ ಚೀಟಿಯ ಮೇಲೆ ಬರೆದು ಅವರೇ ಕಲಿಸಿದರು. ಪ್ರತಿ ಶುಕ್ರವಾರ ಸಹೋದ್ಯೋಗಿಯೊಬ್ಬರ ಗ್ಯಾರೇಜಿನಲ್ಲಿ ಲೋಬಾಲ್ ಅನ್ನುವ ಪೋಕರ್ ಆಟ. ಐದು ಎಲೆ, ಎಲ್ಲರಿಗಿಂತ ಕಡಿಮೆ ಇದ್ದವರು ಗೆದ್ದ ಹಾಗೆ. ಎಕ್ಕ ಇಲ್ಲಿ ದೊಡ್ಡ ಎಲೆ. ಸಾಲಾಗಿ ಬಂದರೂ, ಐದೂ ಒಂದೇ ಜಾತಿ ಆದರೂ ಕೆಟ್ಟಿತು. 7-5-4-3-2 ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಎಲೆ ಬದಲಿಸಲು ಒಂದೇ ಅವಕಾಶ. ಏನೂ ಬದಲಿಸದೆ ಕೂತರೆ ಅದೇ ಪ್ಯಾಟ್. ಅವರಿಗೆ ಈ ಆಟ ಕಲಿಸಿದವರು ಹಳೆಯ ತಲೆ. 1987ರವರೆಗೆ ಇಲ್ಲಿನ ಕಾರ್ಡ್ ಕ್ಲಬ್‌ಗಳಲ್ಲಿ ಹೀಗೆ ಎಲೆ ಬದಲಿಸಿ ಆಡುವ ಡ್ರಾ ಪೋಕರಿನದ್ದೇ ರಾಜ್ಯ, ಮೇಜಿನ ಮೇಲಿನ ಎಲೆಗಳನ್ನು ಎಲ್ಲರೂ ಬಳಸುವ ಹೋಲ್ಡೆಮ್‌ಗೆ ಅವಕಾಶ ಸಿಕ್ಕಿದ್ದು ಆಮೇಲೆ.

ಚೀಟಿಯ ಮೇಲೆ 10-6-4-3-2 ಅಂತ ಬರೆದರು. "ಎದುರಿನವನ ಹತ್ರ 7-4-3-2 ಇದೆ, ಒಂದು ಎಲೆ ಎತ್ತುತ್ತಾನೆ ಅಂದುಕೊಳ್ಳಿ. ಅವನು ಗೆಲ್ಲೋಕೆ ಐದು, ಆರು, ಎಂಟು ಅಥವಾ ಒಂಬತ್ತು ಬರಬೇಕು. ನನ್ನ ಕೈಲಿ ಒಂದು ಆರು ಇರೋದ್ರಿಂದ ಅಂಥವು ಒಟ್ಟು 15. ನಮ್ಮಿಬ್ಬರ ಕೈಲಿಲ್ಲದ ಎಲೆ 43. ಅಂದ್ರೆ ಪ್ಯಾಟ್ ಕೂತ್ರೆ ನೂರಕ್ಕೆ 65 ಸಲ ನಾನೇ. ಹತ್ತು ಬಿಸಾಕಿ ಎತ್ತಿದ್ರೆ ಹೆಚ್ಚೂಕಮ್ಮಿ ಅರ್ಧಕ್ಕರ್ಧ." ಎದುರಿನವನು ತಾನೂ ಎಲೆ ಮುಟ್ಟದೆ ಕೂತರೆ, ಅವನು ಸುಳ್ಳು ಆಡುವವನಲ್ಲದಿದ್ದರೆ, ಆಗ ಹತ್ತನ್ನು ನಂಬಬಾರದು ಅಂತಲೂ ಹೇಳಿದರು. ಒಂದು ಕಡೆಯೂ ತಡವರಿಸಲಿಲ್ಲ. ಲೆಕ್ಕ ಇಷ್ಟು ಚೆನ್ನಾಗಿ ಬರುವವರಿಗೆ ನಾನು ಕಲಿಸುವುದೇನು?

ಆಡಿದ್ದನ್ನೆಲ್ಲ ಫೋನಿನಲ್ಲಿ ಬರೆದಿಡುವ ಅಭ್ಯಾಸ ಅವರಿಗಿತ್ತು, ಗಂಟೆ ನಿಮಿಷದ ಸಮೇತ. ಇಬ್ಬರೂ ಕೂತು ಒಂದು ಶುಕ್ರವಾರ ಓದಿದೆವು. 9:40ಕ್ಕೆ ಇವರ ಕೈಲಿ ದೊಡ್ಡ ಎಲೆ ಹತ್ತು, ಎದುರಿನವನು ಎತ್ತಿದ್ದು ಒಂದೆಲೆ, ಇವರು ಪ್ಯಾಟ್. 12:50ಕ್ಕೆ ಮತ್ತೆ ಹತ್ತು, ಅದೇ ಮನುಷ್ಯ, ಮತ್ತೆ ಒಂದೆಲೆ. ಈ ಸಲ ಹತ್ತನ್ನು ಬಿಸಾಕಿ ಎತ್ತಿದ್ದಾರೆ. ಬಂದಿದ್ದು ರಾಣಿ.

"12:50ಕ್ಕೆ ಎಷ್ಟು ಕಳೆದಿದ್ರಿ?"

"1,400 ಡಾಲರ್."

"ಹತ್ತು ಯಾಕೆ ಬೇಡ ಅನ್ನಿಸ್ತು?"

ಸ್ವಲ್ಪ ಹೊತ್ತು ಚೀಟಿಯ ಅಂಚು ಮಡಿಸುತ್ತಾ ಕೂತಿದ್ದರು. "ಹತ್ತು ಇಟ್ಕೊಂಡು ಜೋರಾಗಿ ಬಾಜಿ ಕಟ್ಟೋಕಾಗಲ್ಲ ಮೇಡಂ. ಗೆದ್ರೂ ಚಿಕ್ಕ ದುಡ್ಡು. ನನಗೆ ಏಳು ಬೇಕಿತ್ತು."

ಅವತ್ತು ನನಗೆ ಸಿಕ್ಕಿದ್ದು ಈ ಮಾತು. ಆ ಆಟ ಗೆಲ್ಲಲು ಹತ್ತು ಸಾಕಿತ್ತು. ಕಳೆದದ್ದು ತುಂಬಲು ಸಾಲುತ್ತಿರಲಿಲ್ಲ. ಕೈಯಲ್ಲಿದ್ದ ಎಲೆಗೆ ಬೆಲೆ ಕಟ್ಟುತ್ತಿದ್ದದ್ದು ಎದುರಿನವನ ಎಲೆ ನೋಡಿ ಅಲ್ಲ, ಸಾಲ ನೋಡಿ. ಮುಂದಿನ ಪ್ರಶ್ನೆ ಸಹಜವಾಗಿ ಬಂತು: 1,400 ಬಂದಿದ್ದೆಲ್ಲಿಂದ? ಹೆಂಡತಿಗೆ ಗೊತ್ತಿಲ್ಲದ ಒಂದು ಕ್ರೆಡಿಟ್ ಕಾರ್ಡ್ ಇತ್ತು. ಅದರ ಮೇಲೆ 6,000 ಡಾಲರ್ ಬಾಕಿ.

ಜೂಜಿನ ಚಟ ಗುರುತಿಸಲು ಅಮೆರಿಕದ ಮನೋವೈದ್ಯರು 2013ರಿಂದ ಬಳಸುವ ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳಿವೆ. ಒಂದು ವರ್ಷದೊಳಗೆ ನಾಲ್ಕು ಕಂಡರೆ ಚಟ ಅಂತ ಲೆಕ್ಕ. ಇವರಲ್ಲಿ ಐದಿದ್ದವು: ಕಳೆದದ್ದರ ಬೆನ್ನು ಹತ್ತುವುದು, ಮನೆಯಲ್ಲಿ ಸುಳ್ಳು, ಸದಾ ಆಟದ್ದೇ ಯೋಚನೆ, ಬೇಜಾರಾದಾಗ ಆಡಲು ಹೋಗುವುದು, ಕಡಿಮೆ ಮಾಡಲು ಹೋಗಿ ಸೋತದ್ದು. ತೀವ್ರ ಅಲ್ಲ. ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ.

ಅವರೇ ಒಂದು ದಾರಿ ತಂದಿದ್ದರು: "ಮೊದಲ 500 ಹೋದ ಕೂಡಲೇ ಎದ್ದು ಬರ್ತೀನಿ." ನಾನು ಒಪ್ಪಲಿಲ್ಲ. ಇದೇ ನಿಯಮವನ್ನು ನಾಲ್ಕು ಸಲ ಮಾಡಿ ನಾಲ್ಕು ಸಲವೂ ಮುರಿದದ್ದು ಅದೇ ಫೋನಿನಲ್ಲಿತ್ತು. 9:40ರ ಮನುಷ್ಯ ಮಾಡುವ ನಿಯಮವನ್ನು 12:50ರ ಮನುಷ್ಯ ಪಾಲಿಸಬೇಕು. ಅದು ಆಗುವ ಕೆಲಸವಲ್ಲ.

ನಾನು ಹೇಳಿದ್ದು ಇಷ್ಟು. ಮೂರು ತಿಂಗಳು ಒಂದಾಟವೂ ಬೇಡ. ಕ್ರೆಡಿಟ್ ಕಾರ್ಡಿನ ವಿಷಯ ಈ ವಾರವೇ ಹೆಂಡತಿಗೆ ಹೇಳಿ. ಕಷ್ಟ ಅನ್ನಿಸಿದರೆ ಇಲ್ಲಿಗೇ ಕರೆದುಕೊಂಡು ಬನ್ನಿ. ಕಾರ್ಡ್ ರದ್ದು ಮಾಡಿಸಿ. ಕಾರ್ಡ್ ಕ್ಲಬ್‌ಗಳು ನಿಮ್ಮನ್ನು ಒಳಗೆ ಬಿಡದಂತೆ ರಾಜ್ಯದ ಪಟ್ಟಿಯಲ್ಲಿ ನೀವೇ ಹೆಸರು ಬರೆಸಬಹುದು, ಬರೆಸಿ. ಗ್ಯಾರೇಜಿಗೆ ಅಂಥ ಪಟ್ಟಿ ಇಲ್ಲವಲ್ಲ, ಹಾಗಾಗಿ ಆಟ ಕರೆಯುವ ಸಹೋದ್ಯೋಗಿಗೆ "ನನ್ನನ್ನು ಕರೀಬೇಡ" ಅಂತ ನೀವೇ ಹೇಳಬೇಕು. ಗ್ಯಾಂಬ್ಲರ್ಸ್ ಅನಾನಿಮಸ್ ಸಭೆಗೂ ಹೋಗಿ. 1957ರಲ್ಲಿ ಲಾಸ್ ಏಂಜಲೀಸಿನಲ್ಲೇ ಶುರುವಾದ, ಜೂಜು ಬಿಡಬೇಕು ಅನ್ನುವವರ ಕೂಟ ಅದು. ಹೆಸರು ಹೇಳಬೇಕಿಲ್ಲ, ಫೀಸೂ ಇಲ್ಲ. ಅವರಿಗೆ ಜಾಸ್ತಿ ಕಷ್ಟವಾದದ್ದು ಸಹೋದ್ಯೋಗಿಗೆ ಹೇಳುವುದು. ಹೆಂಡತಿಗೆ ಹೇಳಿದ್ದಕ್ಕಿಂತಲೂ!

ಆರನೇ ವಾರ ಒಂದು ಶುಕ್ರವಾರ ಹೋಗಿಬಿಟ್ಟರು. 80 ಡಾಲರ್ ಕಳೆದು ಹತ್ತು ಗಂಟೆಗೆ ಮನೆಗೆ ಬಂದು, ಅವತ್ತೇ ಹೆಂಡತಿಗೆ ಹೇಳಿದ್ದಾರೆ. ಮೂರು ತಿಂಗಳ ಲೆಕ್ಕವನ್ನು ಮೊದಲ ದಿನದಿಂದ ಮತ್ತೆ ಶುರುಮಾಡಿದ್ದೇವೆ. ಈಗ ಇಬ್ಬರೂ ಒಟ್ಟಿಗೆ ಬರುತ್ತಾರೆ, ಎರಡು ವಾರಕ್ಕೊಮ್ಮೆ.