ಹತ್ತಿ ಹತ್ತಿ, ಜಾಗ ಇದೆ

(ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, ಈಗ ತುಮಕೂರಿನ ಮನೆಯ ಹಜಾರದಲ್ಲಿ ಬಡ್ಜಿಗಳ ಜೊತೆ ಕೂತಿರುವ ನಮ್ಮ ‘ಕಂಡಕ್ಟರ್ ಮಾಮ’ ಈ ಸಲ ಅಂಜುಬುರುಕ ಹಕ್ಕಿಗಳ ಬಗ್ಗೆ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಸಾರ್, ಹದಿನೈದು ದಿನದ ಹಿಂದೆ ಒಂದು ಜೊತೆ ಲವ್ ಬರ್ಡ್ಸ್ ತಂದೆವು. ಒಂದು ಹಸಿರು, ಒಂದು ನೀಲಿ. ಕಾಳು ಹಾಕಲು ಕೈ ಒಳಗಿಟ್ಟರೆ ಸಾಕು, ಪಂಜರಕ್ಕೆ ಬಡಿದುಕೊಂಡು ಒದ್ದಾಡುತ್ತವೆ. ಇಲ್ಲವೇ ಮಡಕೆಯೊಳಗೆ ನುಗ್ಗಿ ಕೂರುತ್ತವೆ. ಕೈಗೆ ಬರುವುದು ಯಾವಾಗ?
– ಗೃಹಿಣಿ, ಹುಬ್ಬಳ್ಳಿ

ಮೊದಲು ಹೆಸರಿನ ವಿಷಯ ಮುಗಿಸೋಣ ತಾಯಿ. ನಮ್ಮ ಕಡೆ ಅಂಗಡಿಯವರೂ ಲವ್ ಬರ್ಡ್ಸ್ ಅಂತಲೇ ಮಾರುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಅದರ ಬಾಲ ಮೊಂಡು. ನಿಮ್ಮ ಹಕ್ಕಿಗೆ ಉದ್ದ ಬಾಲ, ಬೆನ್ನ ಮೇಲೆ ಅಲೆ ಅಲೆಯಾಗಿ ಗೆರೆ ಇದ್ದರೆ ಅದು ಆಸ್ಟ್ರೇಲಿಯಾದ ಬಡ್ಜಿ. ನನ್ನ ಮೊಮ್ಮಗಳು ‘ಬಜ್ಜಿ’ ಅನ್ನುತ್ತಾಳೆ. ಮನೆಗೆ ಬಂದವರು ತಟ್ಟೆ ಎಲ್ಲಿ ಅಂತ ನೋಡುತ್ತಾರೆ.

ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನಲ್ಲಿ ಇವು ಹಿಂಡು ಹಿಂಡಾಗಿ ಬದುಕುತ್ತವೆ. ಅಲ್ಲಿ ಮೇಲಿನಿಂದ ಎರಗುವುದು ಗಿಡುಗ. ಹಾಗಾಗಿ ತಲೆಯ ಮೇಲಿಂದ ಬರುವುದೆಲ್ಲ ಇವಕ್ಕೆ ಗಿಡುಗವೇ. ನಿಮ್ಮ ಕೈಯೂ ಅಷ್ಟೇ. ಅದೂ ಅಲ್ಲದೆ, ಅಂಗಡಿಯಲ್ಲಿ ಇವನ್ನು ಹಿಡಿದು ಡಬ್ಬಕ್ಕೆ ತುಂಬಿದ್ದೂ ಒಂದು ಕೈಯೇ ಅಲ್ವಾ? ಮನುಷ್ಯನ ಕೈ ಅಂದರೆ ಅವಕ್ಕೆ ಸದ್ಯಕ್ಕೆ ನೆನಪಿರುವುದು ಅದೊಂದೇ.

ಪಂಜರವನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಇಡಿ. ಒಂದು ಕಡೆ ಗೋಡೆ ಇರಲಿ, ಬೆನ್ನಿಗೆ ಆಸರೆ ಇದ್ದ ಹಾಗೆ. ಅಡುಗೆಮನೆಯಲ್ಲಂತೂ ಬೇಡವೇ ಬೇಡ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆ ನಮಗೆ ಗೊತ್ತೂ ಆಗುವುದಿಲ್ಲ, ಹಕ್ಕಿ ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಮಡಕೆಯಲ್ಲಿ ಮೊಟ್ಟೆ ಇಲ್ಲ ಅಂದರೆ ಅದನ್ನು ತೆಗೆದುಬಿಡಿ. ಮಡಕೆ ಮರಿ ಮಾಡುವವರಿಗೆ. ಅಂಜುವ ಹಕ್ಕಿಗೆ ಅದು ಅಡಗುವ ಬಿಲ, ಹೊರಗೆ ಬಂದು ನಿಮ್ಮನ್ನು ನೋಡುವುದೇ ಇಲ್ಲ. ಪ್ಲಾಸ್ಟಿಕ್ ಕೋಲಿನ ಬದಲು ಸೀಬೆ ಕೊಂಬೆ ತೊಳೆದು ಕಟ್ಟಿ.

ಆಮೇಲೆ ಒಂದು ವಾರ ಏನೂ ಮಾಡಬೇಡಿ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂರಿ. ನಾನು ಪೇಪರ್ ಜೋರಾಗಿ ಓದುತ್ತಿದ್ದೆ. ಅಡಿಕೆ ಧಾರಣೆಯಿಂದ ಶ್ರದ್ಧಾಂಜಲಿವರೆಗೆ. ನನ್ನ ಹೆಂಡತಿ “ರಿಟೈರ್ ಆದಮೇಲೆ ತಲೆ ಕೆಟ್ಟಿದೆ” ಅಂದಳು. ಆದರೆ ಐದನೇ ದಿನಕ್ಕೆ ಹಸಿರು ಹಕ್ಕಿ ನನ್ನ ಎದುರಿಗೇ ಒಂದು ಕಾಲು ಎತ್ತಿಕೊಂಡು, ಕೊಕ್ಕನ್ನು ಕರಕರ ಮಸೆಯುತ್ತಾ ತೂಕಡಿಸಿತು. ಹೆದರಿದ ಹಕ್ಕಿ ಹಾಗೆ ಮಾಡುವುದಿಲ್ಲ. ಹೆದರಿದ್ದರೆ ಪುಕ್ಕವನ್ನೆಲ್ಲ ಮೈಗೆ ಅಂಟಿಸಿಕೊಂಡು ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಹಾಗೆ ನಿಂತರೆ ಆವತ್ತಿಗೆ ಅಲ್ಲಿಗೇ ನಿಲ್ಲಿಸಿ.

ಮುಂದಿನದು ನವಣೆ ತೆನೆ. ಪೆಟ್ ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ‘ಸ್ಪ್ರೇ ಮಿಲೆಟ್’ ಅಂತ ದುಬಾರಿಗೆ ಮಾರುವುದು ಇದನ್ನೇ. ನನಗೆ ಚಳ್ಳಕೆರೆ ಕಡೆಯ ನಂಟರು ಸುಗ್ಗಿಯಲ್ಲಿ ಒಂದು ಕಟ್ಟು ಕಳಿಸುತ್ತಾರೆ. ಉದ್ದನೆಯ ತೆನೆಯ ತುದಿ ಹಿಡಿದು ಬಾಗಿಲಿನಿಂದ ಒಳಗೆ ಚಾಚಿ. ಕೈ ಹಕ್ಕಿಯ ಎದೆಗಿಂತ ಕೆಳಗಿರಲಿ, ಅಲುಗದಿರಲಿ. ನೆಟ್ಟ ದೃಷ್ಟಿಯಿಂದ ನೋಡಬೇಡಿ, ಬೇರೆ ಕಡೆ ನೋಡುತ್ತಿರಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ತಿನ್ನಲು ಶುರು ಮಾಡಿದ ಮೇಲೆ ದಿನದಿನಕ್ಕೆ ತೆನೆ ಗಿಡ್ಡ ಮಾಡಿ. ಕೊನೆಗೆ ತೆನೆ ಬೇಕೆಂದರೆ ಬೆರಳಿನ ಮೇಲೆ ಕಾಲಿಡಲೇಬೇಕು. ಆಗ ತೋರುಬೆರಳನ್ನು ಅಡ್ಡ ಹಿಡಿದು ಕಾಲುಗಳ ಸ್ವಲ್ಪ ಮೇಲೆ, ಹೊಟ್ಟೆಗೆ ಮೆಲ್ಲಗೆ ಒತ್ತಿ, ದಿನಾ ಒಂದೇ ಮಾತು ಹೇಳಿ. ನನ್ನ ಬಾಯಿಗೆ ಬಂದದ್ದು “ಹತ್ತಿ ಹತ್ತಿ”. ಅಭ್ಯಾಸ ಬಲ ನೋಡಿ.

ಜೋಡಿ ಇದ್ದರೆ ನಿಧಾನ. ಒಂದಕ್ಕೊಂದು ಜೊತೆ ಇರುವಾಗ ನಿಮ್ಮ ಅಗತ್ಯ ಅವಕ್ಕೇನು? ಹಾಗಂತ ಬೇರೆ ಮಾಡಬೇಡಿ. ಎರಡರಲ್ಲಿ ಒಂದು ಸ್ವಲ್ಪ ಧೈರ್ಯದ್ದು ಇದ್ದೇ ಇರುತ್ತದೆ, ಅದನ್ನು ಮೊದಲು ಒಲಿಸಿಕೊಳ್ಳಿ. ಅದು ತಿನ್ನುವುದನ್ನು ನೋಡಿ ಇನ್ನೊಂದು ಬರುತ್ತದೆ. ನನ್ನ ಎರಡನೇ ಹಕ್ಕಿ ಬಂದದ್ದು ಎರಡೂವರೆ ತಿಂಗಳಿಗೆ.

ಇಷ್ಟೆಲ್ಲ ಹೇಳುವ ನಾನು ಮೊದಲ ಹಕ್ಕಿಯನ್ನು ಟವೆಲ್ ಹಾಕಿ ಹಿಡಿದು, ಅರ್ಧ ಗಂಟೆ ಮುಷ್ಟಿಯಲ್ಲಿಟ್ಟು ‘ಅಭ್ಯಾಸ’ ಮಾಡಿಸಿದವನು. ಯಾರೋ ಹೇಳಿದ್ದರು, ಮೂರು ದಿನಕ್ಕೆ ಪಳಗುತ್ತದೆ ಅಂತ. ಆ ಹಕ್ಕಿ ಆಮೇಲೆ ನಾಲ್ಕು ವರ್ಷ ನಮ್ಮ ಮನೆಯಲ್ಲಿತ್ತು. ಒಂದು ದಿನವೂ ಕೈಗೆ ಬರಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟರೂ ಕಿರುಚುತ್ತಿತ್ತು.

ಪ್ರಶ್ನೆ: ರೆಕ್ಕೆ ಕತ್ತರಿಸಿದರೆ ಬೇಗ ಪಳಗುತ್ತವೆ ಎಂದು ಅಂಗಡಿಯವರು ಹೇಳಿದರು. ನಿಜವೇ?
– ಕಾಲೇಜು ವಿದ್ಯಾರ್ಥಿ, ಮಂಡ್ಯ

ಹಾರುವುದು ನಿಲ್ಲುತ್ತದೆ, ಹೆದರಿಕೆ ನಿಲ್ಲುವುದಿಲ್ಲ. ಓಡಲು ದಾರಿಯಿಲ್ಲದ ಹಕ್ಕಿ ಕಚ್ಚುವುದನ್ನು ಕಲಿಯುತ್ತದೆ. ಹಾರಲು ಹೋಗಿ ಎದೆ ಅಡಿಯಾಗಿ ನೆಲಕ್ಕೆ ಬೀಳುತ್ತದೆ. ಹೇಗೂ ಪುಕ್ಕ ಉದುರಿ ಹೊಸದು ಬಂದಾಗ ಮತ್ತೆ ಹಾರುತ್ತದೆ, ಆಗ ಏನು ಮಾಡುತ್ತೀರಿ?

ನಿಮಗೆ ಫ್ಯಾನಿನ ಭಯವಿದ್ದರೆ ಅದು ಸರಿಯಾದ ಭಯ. ಹಕ್ಕಿಯನ್ನು ಹೊರಗೆ ಬಿಡುವ ಮುಂಚೆ ಫ್ಯಾನ್ ಆರಿಸಿ, ಅದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕಿಟಕಿ ಮುಚ್ಚಿ, ಗಾಜಿಗೂ ಕನ್ನಡಿಗೂ ಬಟ್ಟೆ ಹಾಕಿ. ನಮ್ಮ ಮನೆಯಲ್ಲಿ ಒಂದು ಏಪ್ರಿಲ್ ಮಧ್ಯಾಹ್ನ ಸೆಕೆ ಅಂತ ಯಾರೋ ಸ್ವಿಚ್ ಒತ್ತಿದರು. ಯಾರು ಅಂತ ಇವತ್ತಿಗೂ ಯಾರೂ ಕೇಳಿಲ್ಲ. ನಾನೇ ಇರಬೇಕು. ಈಗ ಆ ಸ್ವಿಚ್ಚಿನ ಮೇಲೆ ಕೆಂಪು ಟೇಪು ಅಂಟಿಸಿದ್ದೇನೆ.

ಪ್ರಶ್ನೆ: ಕಂಡಕ್ಟರ್ ಮಾಮ, ನನ್ನ ಬಡ್ಜಿ ಯಾವಾಗ ಮಾತಾಡುತ್ತೆ? ಅದರ ಮೂಗು ನೀಲಿ ಇದೆ.
– ಐದನೇ ತರಗತಿ, ಶಿವಮೊಗ್ಗ

ಪುಟ್ಟಾ, ಕೊಕ್ಕಿನ ಮೇಲೆ ಮೂಗಿನ ತೂತು ಇರುವ ಜಾಗ ನೀಲಿ ಇದ್ದರೆ ಸಾಮಾನ್ಯವಾಗಿ ಅದು ಗಂಡು. ದೊಡ್ಡ ಹೆಣ್ಣಿಗೆ ಅದು ಕಂದು. ಮಾತಿನಲ್ಲಿ ಗಂಡೇ ಮುಂದು, ಅಲ್ಲಿಗೆ ನಿನಗೆ ಅರ್ಧ ಲಾಟರಿ ಹೊಡೆದಿದೆ. ಅಮೆರಿಕದಲ್ಲಿ ಪಕ್ ಎಂಬ ಬಡ್ಜಿಗೆ 1,728 ಪದ ಗೊತ್ತಿತ್ತು ಅಂತ ಗಿನ್ನೆಸ್ ದಾಖಲೆಯಲ್ಲಿದೆ. ಆದರೆ ಎಲ್ಲ ಹಕ್ಕಿಯೂ ಮಾತಾಡಲ್ಲ. ಕೆಲವು ಜೀವಮಾನವಿಡೀ ಚಿಲಿಪಿಲಿಯಲ್ಲೇ ಮುಗಿಸುತ್ತವೆ. ಬೈಯಬೇಡ.

ಮೊದಲು ಅದು ನಿನ್ನ ಕೈ ಮೇಲೆ ಆರಾಮಾಗಿ ಕೂರಬೇಕು. ಆಮೇಲೆ ಟಿವಿ ಆರಿಸಿ ಒಂದೇ ಪದವನ್ನು ನಿಧಾನವಾಗಿ, ಖುಷಿಯಿಂದ ಮತ್ತೆ ಮತ್ತೆ ಹೇಳು. ನನ್ನ ಮಿಟ್ಟುಗೆ ಮೂರು ತಿಂಗಳು “ನಮಸ್ಕಾರ” ಕಲಿಸಿದೆ. ಅದು ಕಲಿತಿದ್ದು “ರೈಟ್ ರೈಟ್”. ನಾನು ಅದನ್ನು ಯಾವಾಗ ಹೇಳಿದೆ ಅಂತಲೇ ನನಗೆ ಗೊತ್ತಿಲ್ಲ.

ಇನ್ನೊಂದು. ನೀನು ತಿನ್ನುವ ಚಾಕೊಲೇಟ್, ಚಿಪ್ಸ್ ಕೊಡಬೇಡ. ಬೆಣ್ಣೆಹಣ್ಣು ಕೂಡ ವಿಷ. ಕೊತ್ತಂಬರಿ ಸೊಪ್ಪು, ನುಗ್ಗೆ ಸೊಪ್ಪು ತೊಳೆದು ಕೊಡು. ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ ಅದು ನಾಚಿಕೆ ಅಲ್ಲ, ಕಾಯಿಲೆ. ಅಪ್ಪನಿಗೆ ಹೇಳಿ ಅವತ್ತೇ ಪಶುವೈದ್ಯರ ಹತ್ತಿರ ಹೋಗು, ನಾಳೆ ನೋಡೋಣ ಅನ್ನಬೇಡ.

ಪ್ರಶ್ನೆ: ನಮ್ಮದು ಕೈಗೆ ಬರುತ್ತದೆ, ಹೆಗಲ ಮೇಲೆ ಕೂರುತ್ತದೆ. ಹೊರಗೆ ಬಿಟ್ಟರೆ ಮಾತ್ರ ಪಂಜರಕ್ಕೆ ವಾಪಸ್ ಹೋಗುವುದಿಲ್ಲ. ಪರದೆ ಕೋಲಿನ ಮೇಲೆ ಕೂತುಬಿಡುತ್ತದೆ. ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕಾಗುತ್ತದೆ.
– ಬ್ಯಾಂಕ್ ನೌಕರ, ಬೆಂಗಳೂರು

ಅಟ್ಟಿಸಿದ ದಿನ ಎರಡು ವಾರದ ಕೆಲಸ ಹಾಳು ಸಾರ್. ನೀವು ಹೊಟ್ಟೆ ತುಂಬಿದ ಮೇಲೆ ಬಿಡುತ್ತಿದ್ದೀರಿ ಅನಿಸುತ್ತದೆ. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಬಿಡಿ. ಹೊರಗೆ ಏನೂ ತಿನ್ನಲು ಇರಬಾರದು, ಕಾಳು ಪಂಜರದೊಳಗೆ ಮಾತ್ರ. ತೆನೆ ತೋರಿಸಿ ಬೆರಳಿಗೆ ಹತ್ತಿಸಿ, ಪಂಜರದವರೆಗೆ ಕರೆದುಕೊಂಡು ಹೋಗಿ, ಒಳಗೆ ತಿನ್ನಿಸಿ, ಬಾಗಿಲು ಹಾಕದೆ ಮತ್ತೆ ಹೊರಗೆ ಬಿಡಿ. ಹೀಗೆ ಐದಾರು ಸಲ. ಒಳಗೆ ಹೋದರೆ ಆಟ ಮುಗಿಯಿತು ಎಂಬ ಲೆಕ್ಕ ಅದರ ತಲೆಯಿಂದ ಹೋಗಬೇಕು.

ತುಂಬಾ ಅವಸರವಿದ್ದ ದಿನ ಪರದೆ ಎಳೆದು ದೀಪ ಆರಿಸಿ. ಕತ್ತಲಲ್ಲಿ ಅದು ಹಾರುವುದಿಲ್ಲ, ಮೆಲ್ಲಗೆ ಬೆರಳು ಕೊಟ್ಟರೆ ಹತ್ತುತ್ತದೆ. ನಮ್ಮ ಮಿಟ್ಟುಗೆ ಅದೂ ಬೇಡ. ಸಂಜೆ ಆರೂವರೆಗೆ ಸ್ಟೀಲ್ ಬಟ್ಟಲಿಗೆ ನವಣೆ ಸುರಿಯುವ ಸದ್ದು ಕೇಳಿದರೆ ಎಲ್ಲಿದ್ದರೂ ತಾನೇ ಒಳಗೆ ಹಾರಿ, “ರೈಟ್ ರೈಟ್” ಅನ್ನುತ್ತದೆ.