ಸ್ಟೀಲ್ ಬ್ಯಾಕ್‌ಪ್ಲೇಟಾ, ಅಲ್ಯುಮಿನಿಯಮ್ಮಾ? ವಿಂಗ್ ಎಷ್ಟು ದೊಡ್ಡದು?
ಕಾಸರಗೋಡಿನಿಂದ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗಿಬರಲು ಯಾವ ಸೆಟ್ ಒಳ್ಳೆಯದು ಅಂತ ಕೇಳಿದ್ದೀರಿ. ಒಂದೇ ಸಿಲಿಂಡರ್ ಅಲ್ವಾ? ಬ್ಯಾಕ್‌ಪ್ಲೇಟ್ ಅಂದರೆ ಸಿಲಿಂಡರ್ ಕಟ್ಟಿಕೊಳ್ಳಲು ಬೆನ್ನಿಗೆ ಹಾಕುವ ಲೋಹದ ತಗಡು; ನಾನಾದರೆ ಸ್ಟೀಲ್ ಪ್ಲೇಟ್ ತಗೊಳ್ಳುತ್ತೇನೆ. ಸುಮಾರು 2.5 ಕಿಲೋ ತೂಗುತ್ತದೆ. 11 ಲೀಟರಿನ ಮಾಮೂಲಿ ಅಲ್ಯುಮಿನಿಯಂ ಸಿಲಿಂಡರ್ ಗಾಳಿ ಖಾಲಿಯಾಗುತ್ತಾ ಬಂದಂತೆ ತೇಲಲು ನೋಡುತ್ತದೆ, ಹೆಚ್ಚುಕಡಿಮೆ 2 ಕಿಲೋದಷ್ಟು. ಪ್ಲೇಟಿನ ಭಾರ ಅದಕ್ಕೆ ಸರಿಹೋಗುತ್ತದೆ, ಸೊಂಟಕ್ಕೆ ಕಟ್ಟುವ ಸೀಸವೂ ಕಡಿಮೆ. ನೀವು ರೈಲಿನಲ್ಲಿ ಮುರುಡೇಶ್ವರಕ್ಕೆ ಹೋಗುವವರು, ಲಗೇಜಿನ ಚಿಂತೆ ಇಲ್ಲ. ಪದೇ ಪದೇ ವಿಮಾನ ಹತ್ತುವವರಿಗೆ ಅಲ್ಯುಮಿನಿಯಂ ಪ್ಲೇಟ್.

ವಿಂಗ್, ಅಂದರೆ ನೀರಲ್ಲಿ ತೇಲಿಸುವ ಬೆನ್ನ ಹಿಂದಿನ ಗಾಳಿಚೀಲ, 13–14 ಕಿಲೋ ಎತ್ತುವಂಥದ್ದು ಸಾಕು. ಜೋಡಿ ಸಿಲಿಂಡರಿನ ದೊಡ್ಡ ವಿಂಗ್ ಸುಮ್ನೆ ತಗೋಬೇಡಿ, ಅದು ಸಿಲಿಂಡರನ್ನೇ ಸುತ್ತಿಕೊಂಡು ಒಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ಲೇಟನ್ನು ಮೈಗೆ ಕಟ್ಟುವ ಪಟ್ಟಿಯ ತುದಿಯನ್ನು ಮೊದಲ ದಿನವೇ ಕತ್ತರಿಸಬೇಡಿ. ನಾನು ಕತ್ತರಿಸಿದೆ. ದಪ್ಪ ಸೂಟ್ ಹಾಕಿದಾಗ ನಾಲ್ಕು ಬೆರಳು ಸಾಲಲಿಲ್ಲ.