ಹಸುಗೂಸಿಗೆ ‘ಮುದುಕ’ ಎಂಬ ಹೆಸರೇಕೆ?

ಪ್ರಶ್ನೆ: ಪೋಲೆಂಡಿನ ಯಹೂದಿಗಳ ಹಳೆಯ ಛಾಯಾಚಿತ್ರಗಳನ್ನು ನೋಡುತ್ತಿದ್ದಾಗ ಛಾಯಾಗ್ರಾಹಕನ ಹೆಸರು ಆಲ್ಟರ್ ಕಾಟ್ಸಿಜ್ನೆ ಎಂದಿತ್ತು. ಆ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆಯಲ್ಲಿ ‘ಆಲ್ಟರ್’ ಎಂದರೆ ಮುದುಕನಂತೆ. ಹುಟ್ಟಿದ ಮಗುವಿಗೆ ಹೀಗೆ ಹೆಸರಿಡುತ್ತಿದ್ದರೇ, ಅಥವಾ ಇದು ಅಡ್ಡಹೆಸರೇ?

ಉತ್ತರ: ಅಡ್ಡಹೆಸರಲ್ಲ, ಮಕ್ಕಳಿಗೇ ಇಡುತ್ತಿದ್ದ ಹೆಸರು. ಪೂರ್ವ ಯುರೋಪಿನ ಯಹೂದಿ ಮನೆಗಳಲ್ಲಿ ಮಕ್ಕಳು ಒಂದರ ಹಿಂದೊಂದು ತೀರಿಕೊಂಡ ಮೇಲೆ ಗಂಡುಮಗು ಹುಟ್ಟಿದರೆ, ಅಥವಾ ಇರುವ ಮಗ ಕಾಯಿಲೆಬಿದ್ದು ಉಳಿಯುವ ಆಸೆ ಕಡಿಮೆಯಾದರೆ, ಅವನನ್ನು ಆಲ್ಟರ್ ಎಂದು ಕರೆಯುತ್ತಿದ್ದರು. ಎಳೆಯ ಜೀವವನ್ನು ಅರಸಿ ಬರುವ ಮೃತ್ಯುದೂತನ ಕಿವಿಗೆ ಆ ಮನೆಯಲ್ಲಿ ಮುದುಕನ ಹೆಸರಷ್ಟೇ ಬೀಳಲಿ ಎಂಬುದು ನಂಬಿಕೆ. ಮಗ ಮುಪ್ಪಿನವರೆಗೆ ಬಾಳಲಿ ಎಂಬ ಹಾರೈಕೆಯೂ ಅದರಲ್ಲೇ ಇತ್ತು. ಹೆಣ್ಣುಮಗುವಾದರೆ ‘ಆಲ್ಟೆ’. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಟ್ಟ ನಮ್ಮ ಹಿರಿಯರಿಗೆ ಆ ತಾಯಂದಿರ ಸಂಕಟ ಥಟ್ಟನೆ ಅರ್ಥವಾಗುತ್ತಿತ್ತು.

ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ವಿಧಿಸಿದ ಕೇಡನ್ನು ರದ್ದು ಮಾಡುವ ಸಂಗತಿಗಳೆಂದು ಯಹೂದಿಗಳ ತಾಲ್ಮೂದ್ ಗ್ರಂಥವು ದಾನ, ಮೊರೆ, ನಡತೆಯ ತಿದ್ದುಪಡಿಗಳ ಜೊತೆಗೆ ಹೆಸರಿನ ಬದಲಾವಣೆಯನ್ನೂ ಹೇಳುತ್ತದೆ. ಕಾಯಿಲೆಯವರಿಗೆ ‘ಜೀವ’ ಎಂಬರ್ಥದ ಹಾಯಿಮ್ ಎಂಬ ಹೆಸರನ್ನು ಸೇರಿಸುತ್ತಿದ್ದುದೂ ಇದೇ ಕಾರಣಕ್ಕೆ. ಆಟೊಮನ್ ಸಾಮ್ರಾಜ್ಯದ ಸೆಫಾರ್ದಿ (ಸ್ಪೇನ್ ಮೂಲದ) ಯಹೂದಿಗಳಲ್ಲಂತೂ ಮಗುವನ್ನು ಬೇರೆಯವರಿಗೆ ಮಾರಿದ ಶಾಸ್ತ್ರ ಮಾಡಿ, ‘ಕೊಂಡದ್ದು’ ಎಂಬರ್ಥದಲ್ಲಿ ಮೆರ್ಕಾದೋ ಎಂದು ಕರೆಯುತ್ತಿದ್ದರು.

ಆದರೆ ಆಲ್ಟರ್ ಎಂಬ ಹೆಸರಿದ್ದ ಮಾತ್ರಕ್ಕೆ ಬಾಲ್ಯದಲ್ಲಿ ಗಂಡಾಂತರವಿತ್ತು ಎಂದು ತೀರ್ಮಾನಿಸಬೇಡಿ. ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ) ಯಹೂದಿಗಳು ತೀರಿಕೊಂಡ ಬಂಧುಗಳ ಹೆಸರನ್ನು ಮಕ್ಕಳಿಗೆ ಇಡುತ್ತಾರೆ. ಹಾಗಾಗಿ ಆಲ್ಟರ್ ಅಜ್ಜ ತೀರಿಹೋದ ಮೇಲೆ ಗಟ್ಟಿಮುಟ್ಟಾದ ಮೊಮ್ಮಗನೂ ಆಲ್ಟರ್ ಆಗುತ್ತಾನೆ. ಪೋಲೆಂಡಿನ ಗೆರ್ ಊರಿನಲ್ಲಿ ಹಸಿದಿಕ್ ಎಂಬ ಯಹೂದಿ ಭಕ್ತಿಪಂಥದ ಗುರುಮನೆತನದಲ್ಲಿ ಅದು ಕುಲನಾಮವೇ ಆಯಿತು. ಹಸಿದಿಕ್ ಕುಟುಂಬಗಳಲ್ಲಿ ಇಂದಿಗೂ ಈ ಹೆಸರು ಬಳಕೆಯಲ್ಲಿದೆ.

ನೀವು ನೋಡಿದ ಕಾಟ್ಸಿಜ್ನೆ 1885ರಲ್ಲಿ ವಿಲ್ನಿಯಸ್‌ನಲ್ಲಿ ಹುಟ್ಟಿದವರು, ಯಿಡ್ಡಿಷ್ ಲೇಖಕರೂ ಹೌದು. ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆ ‘ಫೋರ್ವೆರ್ಟ್ಸ್’ಗಾಗಿ ಪೋಲೆಂಡಿನ ಯಹೂದಿ ಊರುಕೇರಿಗಳ ಚಿತ್ರ ತೆಗೆದರು. 1941ರ ಜುಲೈನಲ್ಲಿ ಟಾರ್ನೊಪೋಲ್‌ನಲ್ಲಿ (ಇಂದಿನ ಯುಕ್ರೇನಿನ ಊರು) ಯಹೂದಿಗಳ ಮೇಲೆ ನಡೆದ ಹಿಂಸಾಚಾರದಲ್ಲಿ ಅವರನ್ನು ಕೊಂದರು. ಆಗ ಅವರಿಗೆ 56 ವರ್ಷ.